ಇಂಗ್ಲಿಷ್‌ನಲ್ಲಿ ‘ಅಯ್ಯೋ’ ಅನ್ನುವುದು ಹೇಗೆ?

ಪ್ರಶ್ನೆ: ನಾನು ಕೆಲಸ ಮಾಡುವ ತಂಡದಲ್ಲಿ ಬೇರೆ ಬೇರೆ ದೇಶದವರಿದ್ದಾರೆ. ದಿನವೂ ವಿಡಿಯೋ ಕಾಲ್ ಇರುತ್ತದೆ. ನನ್ನ ಇಂಗ್ಲಿಷ್ ಪರವಾಗಿಲ್ಲ, ಕೆಲಸದ ವಿಷಯ ಆರಾಮಾಗಿ ಮಾತಾಡುತ್ತೇನೆ. ಗಾಬರಿ, ಖುಷಿ, ಬೇಜಾರು ಆದಾಗಲೇ ತೊಂದರೆ. ಕಳೆದ ತಿಂಗಳು ಸ್ಕ್ರೀನ್ ಶೇರ್ ಮಾಡುವಾಗ ತಪ್ಪು ಫೈಲ್ ತೆರೆದುಕೊಂಡಿತು. ಬಾಯಿಂದ ‘ಶಿಟ್’ ಅಂತ ಬಂದೇಬಿಟ್ಟಿತು. ಗ್ರಾಹಕರೂ ಕಾಲ್‌ನಲ್ಲಿದ್ದರು. ಎರಡು ಸೆಕೆಂಡ್ ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ‘ಜೀಸಸ್!’ ಅಂದಾಗ ಹಿರಿಯ ಸಹೋದ್ಯೋಗಿಯೊಬ್ಬರ ಮುಖ ಗಂಟಾಯಿತು. ಆಮೇಲೆ ನಾನೇ ಹುಡುಕಿ ಗಾಶ್, ಗಾಲಿ, ಹೆಕ್ ಅನ್ನುವ ‘ಸಭ್ಯ’ ಪದಗಳನ್ನು ಕಲಿತೆ. ‘ಗಾಲಿ!’ ಅಂದ ದಿನ ಎಲ್ಲರೂ ನಕ್ಕರು. ಈಗ ಬಾಯಿ ಬಿಡಲೇ ಭಯ. ನಿಜ ಹೇಳಬೇಕೆಂದರೆ ನನಗೆ ಮೊದಲು ಬರುವುದು ‘ಅಯ್ಯೋ’. ಅದನ್ನು ನುಂಗಿಕೊಳ್ಳುತ್ತೇನೆ. ಇಂಥ ಪದಗಳನ್ನು ಬಳಸದೇ ಇರುವುದೇ ಒಳ್ಳೆಯದಾ? ಬಳಸುವುದಾದರೆ ಯಾವುದು, ಯಾರ ಮುಂದೆ?

ಉತ್ತರ: ಆ ಕಾಲ್‌ನಲ್ಲಿ ನೀವು ಹೇಳಲು ಹೊರಟಿದ್ದು ‘ಛೇ’. ನಮ್ಮಲ್ಲಿ ಎಷ್ಟೋ ಜನ ‘ಶಿಟ್’ ಪದವನ್ನು ಛೇ ಅನ್ನುವ ತೂಕದಲ್ಲೇ ಬಳಸುತ್ತಾರೆ. ಪೆನ್ನು ಬಿದ್ದರೂ ಅದೇ, ಪಾಸ್‌ವರ್ಡ್ ಮರೆತರೂ ಅದೇ. ಆದರೆ ಕೇಳಿಸಿಕೊಂಡವರ ಕಿವಿಗೆ ಅದು ಛೇ ಆಗಿರಲಿಲ್ಲ. ‘ಈ ಪದದ ಅರ್ಥ ನನಗೆ ಗೊತ್ತಿಲ್ವಾ?’ ಅಂತ ನೀವು ಕೇಳಬಹುದು. ಗೊತ್ತಿದೆ. ಅರ್ಥ ಗೊತ್ತಾಗುವುದು ಬೇರೆ, ಬಿಸಿ ತಟ್ಟುವುದು ಬೇರೆ. ದೊಡ್ಡವರಾದ ಮೇಲೆ ಕಲಿತ ಭಾಷೆಯ ಬೈಗುಳ ನಮಗೆ ಅರ್ಥವಾಗುತ್ತದೆ, ಆದರೆ ಸುಡುವುದಿಲ್ಲ.

ಇದು ನನ್ನ ಊಹೆಯಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟರ್ಕಿಶ್ ಮನೆಮಾತಿನ, ಆಮೇಲೆ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಯ ಪದಗಳನ್ನು ತೋರಿಸಿ, ಕೇಳಿಸಿ, ಅವರ ಚರ್ಮದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅಳೆದರು. ಗಾಬರಿಯಾದಾಗ ಅಂಗೈ ಬೆವರುತ್ತದಲ್ಲ, ಅದೇ ಲೆಕ್ಕ. ಬೈಗುಳಗಳಿಗೆ, ಅದರಲ್ಲೂ ‘ನಾಚಿಕೆ ಆಗಲ್ವಾ ನಿಂಗೆ’ ಅನ್ನುವಂಥ ಬಾಲ್ಯದ ಗದರಿಕೆಗಳಿಗೆ, ಮನೆಮಾತಿನಲ್ಲಿ ಮೈ ಜೋರಾಗಿ ಪ್ರತಿಕ್ರಿಯಿಸಿತು. ಇಂಗ್ಲಿಷ್‌ನಲ್ಲಿ ಅದೇ ಮಾತು ಸಪ್ಪೆ. ಯಾಕೆಂದರೆ ಇಂಗ್ಲಿಷ್‌ನಲ್ಲಿ ಯಾರೂ ಅವರ ಕಿವಿ ಹಿಂಡಿರಲಿಲ್ಲ.

ಇದಕ್ಕೆ ಹೊಂದುವ ಇನ್ನೊಂದು ಪ್ರಯೋಗವಿದೆ, ನನಗೆ ತುಂಬಾ ಇಷ್ಟವಾದದ್ದು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಜೊತೆಯವರು 2009ರಲ್ಲಿ ಜನರ ಕೈಯನ್ನು ಕೊರೆಯುವ ತಣ್ಣೀರಿನಲ್ಲಿ ಇಡಿಸಿದರು. ಸುಮ್ನೆ ಸಾದಾ ಪದ ಹೇಳುತ್ತಾ ಇಟ್ಟಾಗಿನದಕ್ಕಿಂತ ಬೈಯುತ್ತಾ ಕೈ ಇಟ್ಟಾಗ ಅವರು ಜಾಸ್ತಿ ಹೊತ್ತು ತಡೆದುಕೊಂಡರು. 2020ರಲ್ಲಿ ಅದೇ ತಂಡದ ಕೆಲಸ ಮುಂದುವರಿದಾಗ ‘ಫೌಚ್’, ‘ಟ್ವಿಜ್‌ಪೈಪ್’ ಅಂತ ಎರಡು ಹೊಸ ಬೈಗುಳಗಳನ್ನೇ ಹುಟ್ಟಿಸಿದರು. ಸದ್ದು ಬೈಗುಳದ ಹಾಗೇ ಇತ್ತು. ನೋವಿಗೆ ಮಾತ್ರ ಏನೂ ಉಪಯೋಗವಾಗಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ನಿಮಗೆ ಇಂಗ್ಲಿಷ್ ಬೈಗುಳ ಅಂದರೆ ಹೆಚ್ಚುಕಮ್ಮಿ ‘ಫೌಚ್’. ಎದುರಿನವರಿಗೆ ಅದು ಫೌಚ್ ಅಲ್ಲ. ನಿಮ್ಮ ಕೈಗೆ ಬೆಚ್ಚಗಿರುವ ಪಾತ್ರೆ ಅವರ ಕೈಗೆ ಕೆಂಡ. ಹಾಗಾಗಿ ‘ನನಗೇನೂ ಅನಿಸಲಿಲ್ಲ’ ಅನ್ನುವುದು ಇಲ್ಲಿ ಅಳತೆಗೋಲೇ ಅಲ್ಲ.

ಹಾಗಾದರೆ ಇಂಗ್ಲಿಷ್ ಮನೆಮಾತಿನವರು ಏನು ಮಾಡುತ್ತಾರೆ? ಅವರಿಗೂ ಬಾಯಿ ಜಾರುತ್ತದೆ. ಆದರೆ ಜಾರುವ ಹೊತ್ತಿಗೆ ದಾರಿ ತಿರುಗಿಸುವ ಅಭ್ಯಾಸ ಚಿಕ್ಕಂದಿನಿಂದ ಇರುತ್ತದೆ. ಗಾಡ್ ಅನ್ನಲು ಹೊರಟ ಬಾಯಿ ‘ಗಾ’ ತನಕ ಹೋಗಿ ಗಾಶ್ ಆಗುತ್ತದೆ. ಹೆಲ್ ಹೆಕ್ ಆಗುತ್ತದೆ. ಡ್ಯಾಮ್ ಅನ್ನುವುದು ಡಾರ್ನ್, ಡ್ಯಾಂಗ್. ಜೀಸಸ್ ಅನ್ನುವುದು ಜೀ, ಜೀಝ್. ಕ್ರೈಸ್ಟ್ ಅನ್ನುವುದು ಕ್ರೈಕಿ. ನೀವು ಅಂದ ಪದವೂ ಹೀಗೇ ‘ಶೂಟ್’ ಆಗುತ್ತದೆ, ಕೆಲವರ ಬಾಯಲ್ಲಿ ‘ಶುಗರ್’. ಬ್ರಿಟಿಷರ ‘ಬ್ಲೈಮಿ’ಯೊಳಗೆ ‘ದೇವರು ನನ್ನ ಕಣ್ಣು ಕಿತ್ತುಕೊಳ್ಳಲಿ’ ಅನ್ನುವ ಪೂರ್ತಿ ಆಣೆಯೇ ಅಡಗಿದೆ ಅಂದರೆ ಈಗ ಯಾರೂ ನಂಬುವುದಿಲ್ಲ.

ಇದು ಹಳೆಯ ಕಸುಬು. 1606ರಲ್ಲಿ ಇಂಗ್ಲೆಂಡಿನ ಸಂಸತ್ತು ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಬಳಸಿದರೆ 10 ಪೌಂಡ್ ದಂಡ ಅಂತ ಕಾಯ್ದೆ ಮಾಡಿತು. ಆ ಕಾಲಕ್ಕೆ ಅದು ಭಾರೀ ಹಣ. ಜನ ಅದಕ್ಕೂ ಮೊದಲೇ ಉಪಾಯ ಕಂಡುಕೊಂಡಿದ್ದರು. ‘ದೇವರ ಗಾಯಗಳಾಣೆ’ ಅನ್ನುವುದನ್ನು ಹಿಂಡಿ ‘ಝೌಂಡ್ಸ್’ ಮಾಡಿಕೊಂಡಿದ್ದರು. ನಮ್ಮಲ್ಲೂ ಇದರ ನೆಂಟ ಇದೆ ಅಂತ ನನ್ನ ಗುಮಾನಿ. ‘ನಿಮ್ಮಜ್ಜಿ!’ ಅಂತ ನಗುತ್ತಾ ಬೈಯುತ್ತೇವಲ್ಲ, ಅಲ್ಲಿ ಅಜ್ಜಿ ಏನು ತಪ್ಪು ಮಾಡಿದ್ದಳು? ಅಮ್ಮನ ಕಡೆ ಹೊರಟ ಬಾಯಿ ಕೊನೆ ಗಳಿಗೆಯಲ್ಲಿ ಒಂದು ತಲೆಮಾರು ಹಿಂದೆ ಹೋಗಿ ಬಚಾವಾದ ಹಾಗೆ ಕಾಣುತ್ತದೆ.

ಈಗ ನಿಮ್ಮ ‘ಗಾಲಿ’ಗೆ ಬರುತ್ತೇನೆ. ನಮಗೆ ಗಾಲಿ ಅಂದರೆ ಚಕ್ರ, ಇಂಗ್ಲಿಷ್‌ನವರಿಗೆ ಅದು ಗಾಡ್ ಪದದ ಇನ್ನೊಂದು ಮರೆ ರೂಪ. ಬೈಗುಳ ಅಲ್ಲ, ಯಾರಿಗೂ ನೋವಾಗುವ ಮಾತೂ ಅಲ್ಲ. ನಕ್ಕಿದ್ದು ಅದು ಹಳತಾಗಿದೆ ಅಂತ. ಕನ್ನಡ ಕಲಿತ ವಿದೇಶಿಯೊಬ್ಬರು ಚಹಾ ಚೆಲ್ಲಿಕೊಂಡು ‘ಅಕಟಕಟಾ!’ ಅಂದರೆ ನಾವು ನಗದೇ ಇರುತ್ತೇವಾ? ಹಾಗೆ. ಅವರ ನಗುವಿನಲ್ಲಿ ಕೆಡುಕು ಇದ್ದಿರಲಾರದು. ಶಾಲೆಯ ವ್ಯಾಕರಣ ಪುಸ್ತಕದ ‘ಅಲಾಸ್!’ ಕೂಡ ಇದೇ ಜಾತಿ. ಸಾವಿನ ಸುದ್ದಿಗೆ ಅಲಾಸ್ ಅನ್ನಬೇಕು ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಇವತ್ತು ಯಾರಾದರೂ ಮಾತಿನಲ್ಲಿ ಅಲಾಸ್ ಅಂದರೆ ತಮಾಷೆಗೇ ಅಂದಿರುತ್ತಾರೆ. ಸಾವಿನ ಸುದ್ದಿಗೆ ಅದನ್ನು ಬಳಸಲೇಬೇಡಿ.

ಊರಿನ ವಾಸನೆಯೂ ಇರುತ್ತದೆ. ಬ್ಲೈಮಿ ಬ್ರಿಟಿಷರದು. ಕ್ರೈಕಿ ಅವರದ್ದೂ ಹೌದು, ಆಸ್ಟ್ರೇಲಿಯಾದವರದ್ದೂ ಹೌದು. ಡ್ಯಾಂಗ್, ಶೂಟ್, ಜೀ ಅಮೆರಿಕದವರವು. ಇವುಗಳನ್ನು ಹೊರಗಿನವರು ಹೇಳಿದರೆ ವೇಷ ಹಾಕಿದ ಹಾಗಾಗುತ್ತದೆ. ‘ಬ್ಲಡಿ’ ಇದಕ್ಕೆ ಒಳ್ಳೆಯ ಉದಾಹರಣೆ. 1914ರಲ್ಲಿ ಲಂಡನ್ನಿನ ರಂಗಮಂದಿರವೊಂದರಲ್ಲಿ ನಟಿಯೊಬ್ಬರು ಈ ಪದ ಆಡಿದ್ದು ದೊಡ್ಡ ಗುಲ್ಲೆಬ್ಬಿಸಿತ್ತು. ಈಗ ಬ್ರಿಟನ್ನಿನಲ್ಲಿ ಅದು ಅರ್ಧ ತಣ್ಣಗಾಗಿದೆ. ಅಮೆರಿಕದವರಿಗೆ ಅದರಲ್ಲಿ ಬಿಸಿಯೇ ಇಲ್ಲ, ಬರೀ ಬ್ರಿಟಿಷ್ ಗತ್ತು ಕಾಣುತ್ತದೆ. ನಾವೋ ಅದನ್ನು ‘ಬ್ಲಡಿ ಫೂಲ್’ ಅಂತ ಮನುಷ್ಯರ ಮೇಲೆ ಎಸೆಯಲು ಕಲಿತಿದ್ದೇವೆ. ಪದ ಒಂದೇ, ಮೂರು ಜಾಗದಲ್ಲಿ ಮೂರು ತೂಕ.

ಮನುಷ್ಯರ ಮೇಲೆ ಎಸೆಯುವುದು ಅಂದೆನಲ್ಲ, ಅಲ್ಲಿ ನಿಲ್ಲಬೇಕು. ಪದ ಯಾವುದು ಅನ್ನುವಷ್ಟೇ ಅದು ಯಾರ ಕಡೆ ತಿರುಗಿದೆ ಅನ್ನುವುದೂ ಮುಖ್ಯ. ಕಾಫಿ ಚೆಲ್ಲಿ ‘ಡ್ಯಾಮ್’ ಅಂದರೆ ಹೆಚ್ಚಿನ ಕಡೆ ಯಾರೂ ತಲೆ ಎತ್ತುವುದಿಲ್ಲ. ‘ಡ್ಯಾಮ್ ಯೂ’ ಅಂದರೆ ಜಗಳ. ಇದನ್ನು ಗಮನಿಸದೆ ‘ಸಭ್ಯ ಪದ, ಅಸಭ್ಯ ಪದ’ ಅಂತ ಎರಡು ಪಟ್ಟಿ ಮಾಡಿಕೊಂಡವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ‘ಡಹ್’ ಪದವನ್ನೇ ನೋಡಿ. ಅದರಲ್ಲಿ ದೇವರಿಲ್ಲ, ಕೊಳಕಿಲ್ಲ, ಮಕ್ಕಳ ಕಾರ್ಟೂನಿನಲ್ಲೂ ಬರುತ್ತದೆ. ಆದರೆ ಅದರ ಅರ್ಥ ‘ಇಷ್ಟೂ ಗೊತ್ತಾಗಲ್ವಾ ನಿನಗೆ?’ ಅಂತ. ಮೀಟಿಂಗ್‌ನಲ್ಲಿ ಯಾರೋ ಪ್ರಶ್ನೆ ಕೇಳಿದಾಗ ನೀವು ಡಹ್ ಅಂದರೆ, ಅದು ಶಿಟ್‌ಗಿಂತ ಕೆಟ್ಟದ್ದು ಅಂತಲೇ ನಾನು ಹೇಳುತ್ತೇನೆ. ಶಿಟ್ ಅಂದಿರಿ, ಫೈಲಿಗೆ ಅಂದಿರಿ. ಡಹ್ ಅಂದರೆ ಮನುಷ್ಯನಿಗೇ ಅಂದ ಹಾಗೆ. ‘ಏನೂ ವಿಶೇಷ ಇಲ್ಲ ಬಿಡು’ ಅನ್ನುವ ‘ಮೆಹ್’ ಕೂಡ ಹಾಗೇ. ಇನ್ನೊಬ್ಬರು ಮೂರು ದಿನ ಕೂತು ಮಾಡಿದ ಕೆಲಸಕ್ಕೆ ಆ ಒಂದು ಉಸಿರು ಸಾಕು, ಸಂಬಂಧ ಹಾಳಾಗಲು.

ಊಪ್ಸ್ ಬಗ್ಗೆ ಒಂದು ಘಟನೆ ಹೇಳಬೇಕು. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ತುಂಬಾ ಒಳ್ಳೆಯವನು. ಸಹೋದ್ಯೋಗಿ ಫೋನ್ ಮಾಡಿ ‘ಅಪ್ಪ ಆಸ್ಪತ್ರೆ ಸೇರಿದ್ದಾರೆ, ನಾಳೆ ಬರಲ್ಲ’ ಅಂದಾಗ ಇವನು ಕಳಕಳಿಯಿಂದ ‘ಊಪ್ಸ್!’ ಅಂದ. ಅವನ ಮನಸ್ಸಿನಲ್ಲಿ ಇದ್ದದ್ದು ಅಯ್ಯೋ. ಕನ್ನಡದ ಅಯ್ಯೋ ಎಷ್ಟು ಅಗಲ ಅಂದರೆ ಹಾಲು ಉಕ್ಕಿದರೂ ಅಯ್ಯೋ, ಯಾರೋ ಸತ್ತರೂ ಅಯ್ಯೋ. ಇಂಗ್ಲಿಷ್‌ನಲ್ಲಿ ಆ ಒಂದು ಪದದ ಕೆಲಸ ಹತ್ತು ಪದಕ್ಕೆ ಹಂಚಿಹೋಗಿದೆ. ಊಪ್ಸ್ ಸಣ್ಣ ಎಡವಟ್ಟಿಗೆ ಮಾತ್ರ, ಅದೂ ಸಾಮಾನ್ಯವಾಗಿ ನಾವೇ ಮಾಡಿದ್ದಕ್ಕೆ. ಔಚ್ ನೋವಿಗೆ, ಇಲ್ಲವೇ ಚುಚ್ಚು ಮಾತಿಗೆ. ಯಿಕ್ಸ್ ಅಂದರೆ ‘ಇದು ಕೆಡುವ ಹಾಗಿದೆಯಲ್ಲಪ್ಪಾ’. ಫ್ಯೂ ಅಂದರೆ ‘ಸದ್ಯ, ಬದುಕಿದೆ’. ಅಗ್ ಅಂದರೆ ಬೇಸರ, ಅಸಹ್ಯ. ಬೇರೆಯವರ ಕಷ್ಟಕ್ಕೆ ಇವು ಯಾವುವೂ ಬೇಡ. ಅಲ್ಲಿ ‘ಓ ನೋ’ ಸಾಕು. ದನಿ ತಗ್ಗಿಸಿ, ನಿಧಾನವಾಗಿ ಹೇಳಿ, ಬೆನ್ನಿಗೇ ‘ಐಯಾಮ್ ಸೋ ಸಾರಿ’ ಅನ್ನಿ. ನಮ್ಮ ಹುಡುಗ ಮರುದಿನ ಹೋಗಿ ವಿವರಿಸಿದ, ಎಲ್ಲಾ ಸರಿಹೋಯಿತು. ಆದರೆ ಒಂದು ರಾತ್ರಿ ಆ ಸಹೋದ್ಯೋಗಿ ಏನಂದುಕೊಂಡಿರಬಹುದು ಅಂತ ನಾನು ಈಗಲೂ ಯೋಚಿಸುತ್ತೇನೆ.

ಪದವೇ ಅಲ್ಲದ ಇನ್ನೊಂದು ಸದ್ದು ಇದಕ್ಕಿಂತ ಮೋಸದ್ದು. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ‘ಚ್ ಚ್’ ಅನ್ನುತ್ತೇವಲ್ಲ, ಪಾಪ ಅನ್ನುವ ಅರ್ಥದಲ್ಲಿ. ಇಂಗ್ಲಿಷ್‌ನವರೂ ಅದೇ ಸದ್ದು ಮಾಡುತ್ತಾರೆ, ಆದರೆ ಹೆಚ್ಚಾಗಿ ಆಕ್ಷೇಪಣೆಗೆ. ತಪ್ಪು ಮಾಡಿದ ಮಗುವಿಗೆ ತಲೆ ಆಡಿಸುತ್ತಾ ಮಾಡುವ ಸದ್ದು ಅದು. ನೀವು ಅನುಕಂಪದಿಂದ ಚ್ ಚ್ ಅಂದರೆ ಅವರಿಗೆ ‘ನಿನ್ನದೇ ತಪ್ಪು’ ಅಂತ ಕೇಳಿಸಬಹುದು. ಇದನ್ನು ಯಾವ ಪಠ್ಯಪುಸ್ತಕವೂ ನಮಗೆ ಹೇಳಿಕೊಡಲಿಲ್ಲ. ಕಾಲ್‌ನಲ್ಲಿ ಮುಖ ಕಾಣದಿದ್ದರಂತೂ ಇನ್ನೂ ಕಷ್ಟ. ಕಿವಿ ಕೇಳಿಸದಾಗ ನಾವು ‘ಆಂ?’ ಅನ್ನುವುದು ಮಾತ್ರ ಪರವಾಗಿಲ್ಲ. ‘ಹಹ್?’ ಅನ್ನುವಂಥ ಪದ ಜಗತ್ತಿನ ಎಷ್ಟೋ ಸಂಬಂಧವಿಲ್ಲದ ಭಾಷೆಗಳಲ್ಲಿ ಬಹುತೇಕ ಒಂದೇ ಥರ ಇದೆ ಅಂತ 2013ರಲ್ಲಿ ಸಂಶೋಧಕರು 31 ಭಾಷೆ ನೋಡಿ ಬರೆದರು. ಆ ಕೆಲಸಕ್ಕೆ 2015ರಲ್ಲಿ, ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಕೂಡ ಬಂತು. ಅರ್ಥ ಎಲ್ಲರಿಗೂ ಆಗುತ್ತದೆ. ಗ್ರಾಹಕರ ಮುಂದೆ ‘ಸಾರಿ?’ ಅಂತ ದನಿ ಏರಿಸಿ ಕೇಳಿದರೆ ಸ್ವಲ್ಪ ನಯ, ಅಷ್ಟೇ.

ದೇವರ ವಿಷಯ ಬೇರೆಯಾಗಿಯೇ ಹೇಳುತ್ತೇನೆ, ಯಾಕೆಂದರೆ ನಮಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ. ನಾವು ಶಿವನೇ, ರಾಮರಾಮಾ, ಅಯ್ಯಪ್ಪಾ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ದೇವರ ಹೆಸರು ಬಾಯಿಗೆ ಬಂದರೆ ಒಳ್ಳೆಯದೇ ಆಯಿತು ಅನ್ನುವ ಭಾವ ನಮ್ಮದು. ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ಒಂದು ಇದಕ್ಕೆ ತದ್ವಿರುದ್ಧ: ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು. ಶ್ರದ್ಧೆಯಿರುವ ಕ್ರೈಸ್ತರಿಗೆ, ಯಹೂದಿಗಳಿಗೆ ಇದು ಗಂಭೀರ ವಿಷಯ. ನಿಮ್ಮ ಹಿರಿಯ ಸಹೋದ್ಯೋಗಿ ಮುಖ ಗಂಟಿಕ್ಕಿದ್ದು ಬಹುಶಃ ಇದಕ್ಕೇ. ‘ಜೀಸಸ್!’ ಅನ್ನುವುದನ್ನು ಪೂರ್ತಿ ಬಿಟ್ಟುಬಿಡಿ. ‘ಓ ಮೈ ಗಾಡ್’ ಬಹಳ ಜನರಿಗೆ ಸವೆದ ನಾಣ್ಯ, ಯಾರೂ ತಿರುಗಿ ನೋಡುವುದಿಲ್ಲ. ಕೆಲವರಿಗೆ ಇನ್ನೂ ಚುಚ್ಚುತ್ತದೆ. ಯಾರಿಗೆ ಚುಚ್ಚುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಹಾಗಾಗಿ ‘ಓ ಮೈ ಗುಡ್‌ನೆಸ್’ ಒಳ್ಳೆಯ ಬದಲಿ. ಚುಟುಕು ಮಾಡಿದರೆ ಪದ ತೊಳೆದುಹೋಗುತ್ತದೆ ಅನ್ನುವುದೂ ತಪ್ಪು. ‘ಓಎಂಜಿ’ ಈಗಿನ ಹುಡುಗರ ಚಾಟ್ ಭಾಷೆ ಅಂದುಕೊಂಡಿದ್ದೀರಾ? 1917ರಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಫಿಶರ್ ಚರ್ಚಿಲ್ ಅವರಿಗೆ ಬರೆದ ಪತ್ರದಲ್ಲಿ ಅದನ್ನು ಬಳಸಿ, ಜೊತೆಗೆ ಬಿಡಿಸಿಯೂ ಬರೆದಿದ್ದರು. ಎಫ್ ಅಕ್ಷರದ ಬೈಗುಳ ಸೇರಿದ ಚುಟುಕುಗಳಂತೂ ಓದುವವರ ತಲೆಯಲ್ಲಿ ಪೂರ್ತಿ ಪದವಾಗಿಯೇ ತೆರೆದುಕೊಳ್ಳುತ್ತವೆ. ‘ಫ್ರೀಕಿಂಗ್’ ಕೂಡ ಅದೇ ಪದದ ಮುಸುಕು, ಮುಸುಕು ತೆಳು. ಹೆಕ್ ಮುನ್ನೂರು ಅಡಿ ದೂರ ಹೋಗಿ ಅಡಗಿದ್ದರೆ ಫ್ರೀಕಿಂಗ್ ಬಾಗಿಲ ಹಿಂದೆಯೇ ನಿಂತಿದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಪೂರ್ತಿ ಬಾಯಿ ಮುಚ್ಚಿಕೊಳ್ಳುವುದು ಒಂದು. ಅಪಾಯ ಇಲ್ಲ ಅಂತ ಕಾಣುತ್ತದೆ, ಆದರೆ ಇದೆ. ಯಾರೋ ಖುಷಿಯ ಸುದ್ದಿ ಹೇಳುತ್ತಾರೆ, ನೀವು ಒಳಗೊಳಗೇ ಪದ ಹುಡುಕುತ್ತಾ ಒಂದು ಸೆಕೆಂಡ್ ಸುಮ್ಮನಿರುತ್ತೀರಿ. ಆ ಒಂದು ಸೆಕೆಂಡ್ ಅವರಿಗೆ ‘ಇವಳಿಗೆ ಖುಷಿಯಾಗಲಿಲ್ಲ’ ಅಂತ ಕೇಳಿಸುತ್ತದೆ. ಉದ್ಗಾರ ಮಾತಿನ ಅಲಂಕಾರ ಅಲ್ಲ, ‘ನಾನು ಕೇಳಿಸಿಕೊಂಡೆ, ನನಗೆ ತಟ್ಟಿತು’ ಅನ್ನುವ ರಸೀದಿ. ರಸೀದಿ ಕೊಡದವರು ಬಿಗುಮಾನದವರು ಅನ್ನಿಸಿಕೊಳ್ಳುತ್ತಾರೆ. ನಾನು ಕಂಡ ಹಾಗೆ, ಇಂಗ್ಲಿಷ್ ತುಂಬಾ ಚೆನ್ನಾಗಿರುವವರಿಗೇ ಈ ಹೆಸರು ಬೇಗ ಬರುತ್ತದೆ.

ತಂಡದವರು ಏನಂದರೆ ಅದನ್ನೇ ಅನ್ನುವುದು ಇನ್ನೊಂದು ದಾರಿ. ಬಹಳ ಜನ ಹೀಗೇ ಮಾಡುತ್ತಾರೆ. ಇದರಲ್ಲಿ ಒಂದು ತೊಡಕಿದೆ. ಅವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತು. ಊಟದ ಹೊತ್ತಿನಲ್ಲಿ ಬೈದವರೇ ಗ್ರಾಹಕರು ಸೇರಿದ ಕೂಡಲೇ ಗಾಶ್‌ಗೆ ಇಳಿಯುತ್ತಾರೆ. ನೀವು ಊಟದ ಹೊತ್ತಿನ ಮಾತು ಕಲಿತು ಅದನ್ನೇ ಎಲ್ಲ ಕಡೆ ಒಯ್ದರೆ ಸಿಕ್ಕಿಬೀಳುತ್ತೀರಿ. ಜೊತೆಗೆ, ಅನ್ಯಾಯವೇ ಆದರೂ ನಿಜ: ಒಂದೇ ಪದ ಅವರ ಬಾಯಲ್ಲಿ ಸಲುಗೆ, ಹೊರಗಿನವರ ಬಾಯಲ್ಲಿ ಒರಟು. ಸಿನಿಮಾ, ಸರಣಿ ನೋಡಿ ಕಲಿಯುವುದಕ್ಕೂ ಇದೇ ಮಾತು. ಅಲ್ಲಿನ ಪಾತ್ರಗಳು ಕೆಲಸ ಕಳೆದುಕೊಳ್ಳುವುದಿಲ್ಲ.

ನಾನು ಹೇಳುವುದು ಮೂರನೆಯದು. ನಾಲ್ಕೈದು ತಣ್ಣನೆಯ ಪದ ಆರಿಸಿಕೊಳ್ಳಿ, ಅಷ್ಟನ್ನೇ ಚೆನ್ನಾಗಿ ಬಳಸಿ. ಊಪ್ಸ್, ವಾವ್, ಓ ನೋ, ಫ್ಯೂ, ಓ ಮೈ ಗುಡ್‌ನೆಸ್. ಇವಕ್ಕೆ ದೇಶದ ವಾಸನೆ ಇಲ್ಲ, ವಯಸ್ಸಾಗಿಲ್ಲ. ವಾವ್ ಪದಕ್ಕೆ ವಯಸ್ಸು ಇಲ್ಲ ಅಂದರೆ ಸುಳ್ಳಾಗುತ್ತದೆ, 1513ರ ಸ್ಕಾಟಿಷ್ ಬರಹದಲ್ಲೇ ಅದು ಸಿಗುತ್ತದೆ, ಆದರೂ ಮುಪ್ಪು ಬಂದಿಲ್ಲ. ಗಾಶ್ ಬೇಕಿದ್ದರೆ ಇಟ್ಟುಕೊಳ್ಳಿ, ಸ್ವಲ್ಪ ಮೆದು ಅನ್ನಿಸಿದರೂ ಯಾರಿಗೂ ತೊಂದರೆಯಿಲ್ಲ. ಹೆಕ್ ಗೆಳೆಯರ ನಡುವೆ ಮಾತ್ರ, ‘ವಾಟ್ ದ ಹೆಕ್’ ಸಿಟ್ಟಿನಲ್ಲಿ ಹೇಳಿದರೆ ಹೆಕ್ ಅನ್ನುವುದು ಹೆಲ್ ಆಗಿಯೇ ಕೇಳಿಸುತ್ತದೆ. ಪದಕ್ಕಿಂತ ದನಿಯ ಕಡೆ ಗಮನ ಕೊಡಿ. ವಾವ್ ಅನ್ನುವುದನ್ನು ಸಪಾಟಾಗಿ, ಏರಿಳಿತವಿಲ್ಲದೆ ಹೇಳಿದರೆ ಅದು ವ್ಯಂಗ್ಯ. ನಮ್ಮ ‘ಭಲೇ’ಯ ಹಾಗೆ, ಹೊಗಳಿಕೆಗೂ ಅದೇ, ಚುಚ್ಚಲಿಕ್ಕೂ ಅದೇ. ಈ ದಾರಿಗೂ ನಷ್ಟವಿದೆ, ಮುಚ್ಚಿಡುವುದಿಲ್ಲ. ನಿಜವಾಗಿ ಸಿಟ್ಟು ಬಂದಾಗ ಊಪ್ಸ್ ಅಂದರೆ ಎದೆ ಹಗುರಾಗುವುದಿಲ್ಲ. ಅದಕ್ಕೆ ಮೈಕ್ ಆಫ್ ಮಾಡಿ ಕನ್ನಡದಲ್ಲಿ ಬೈದುಕೊಳ್ಳಿ. ಮೈಕ್ ಆಫ್ ಆಗಿದೆಯಾ ಅಂತ ಎರಡು ಸಲ ನೋಡಿಕೊಂಡು.

ಮತ್ತೆ ಬಾಯಿ ಜಾರಿದರೆ? ‘ಸಾರಿ, ಎಕ್ಸ್‌ಕ್ಯೂಸ್ ಮೈ ಲ್ಯಾಂಗ್ವೇಜ್’ ಅಂತ ಒಂದೇ ಸಲ ಹೇಳಿ, ಕೆಲಸದ ಮಾತು ಮುಂದುವರಿಸಿ. ಮೂರು ಸಲ ಕ್ಷಮೆ ಕೇಳಿದರೆ ಗಮನಿಸದವರೂ ಗಮನಿಸುತ್ತಾರೆ. ಬೈಗುಳವನ್ನೇ ಫ್ರೆಂಚ್ ಭಾಷೆ ಅಂದು ಕ್ಷಮೆ ಕೇಳುವ ‘ಪಾರ್ಡನ್ ಮೈ ಫ್ರೆಂಚ್’ ಅನ್ನುವ ಚಟಾಕಿಯೂ ಇದೆ. ತಂಡದಲ್ಲಿ ಫ್ರಾನ್ಸಿನವರು ಇಲ್ಲದಿದ್ದರೆ ನಡೆಯುತ್ತದೆ. ಕಳೆದ ತಿಂಗಳಿನದ್ದಕ್ಕೆ ಈಗ ಹೋಗಿ ಏನೂ ಹೇಳಬೇಡಿ. ಅವರು ಮರೆತಿದ್ದಾರೆ. ಹಿರಿಯ ಸಹೋದ್ಯೋಗಿಗೆ ಮಾತ್ರ, ಇಬ್ಬರೇ ಸಿಕ್ಕಾಗ, ‘ನಮ್ಮ ಭಾಷೆಯಲ್ಲಿ ದೇವರ ಹೆಸರು ಹೀಗೆ ಹೇಳುವುದು ತಪ್ಪಲ್ಲ, ನನಗೆ ಹೊಳೆಯಲಿಲ್ಲ’ ಅಂದರೆ ಅವರಿಗೂ ಸಮಾಧಾನವಾಗುತ್ತದೆ.

ಇನ್ನು ನಿಮ್ಮ ಅಯ್ಯೋ. ಅದನ್ನು ಯಾಕೆ ನುಂಗುತ್ತೀರಿ? 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೇ ಅದನ್ನು ಸೇರಿಸಿಕೊಂಡಿದೆ. ನಿಮ್ಮ ಬಾಯಿಗೆ ತಾನಾಗಿ ಬರುವ, ಯಾರ ದೇವರನ್ನೂ ಎಳೆಯದ, ಕೊಳಕಿಲ್ಲದ ಪದ ಅದು. ಗೊತ್ತಿಲ್ಲದವರಿಗೆ ಮೊದಲ ಸಲ ದೊಡ್ಡ ಅನಾಹುತ ಆದ ಹಾಗೆ ಕೇಳಿಸಬಹುದು, ನಮ್ಮ ಅಯ್ಯೋ ಸ್ವಲ್ಪ ಉದ್ದವಲ್ವಾ. ಹಾಗಾಗಿ ಚಿಕ್ಕದಾಗಿ ಹೇಳಿ, ಏನಾಯಿತು ಅಂತ ತಕ್ಷಣ ಜೋಡಿಸಿ: ‘ಅಯ್ಯೋ, ರಾಂಗ್ ಫೈಲ್, ಒನ್ ಸೆಕೆಂಡ್.’ ಎರಡು ಕಾಲ್ ಆಗುವಷ್ಟರಲ್ಲಿ ಅವರಿಗೆ ಅರ್ಥವಾಗಿರುತ್ತದೆ.